ಗೋಡೆಯ ಮೇಲೊಂದು ಬೆಳಕಿನ ಗೆರೆ

ನಮ್ಮ ಮನೆಯಲ್ಲಿ ಕಾರು ಓಡಿಸುವವಳು ನಾನು, ಕಾರಿನ ಬಗ್ಗೆ ತಿಳಿದವರು ನನ್ನ ಗಂಡ. ಸೌದಿ ಅರೇಬಿಯಾದ ಖಮೀಸ್ ಮುಶೈತ್‌ಗೆ ಬಂದ ಹೊಸತರಲ್ಲಿ ಅವರು ಲೈಸೆನ್ಸಿಗೆಂದು ಎರಡು ಸಲ ಹೋಗಿ, ಎರಡು ಸಲವೂ ರಿವರ್ಸ್ ಹಾಕಿ ನಿಲ್ಲಿಸುವಾಗ ಕಂಬಕ್ಕೆ ತಾಗಿಸಿ ಮರಳಿದ್ದರು. ಮುಂದೆ ಹೆಂಗಸರಿಗೂ ಲೈಸೆನ್ಸ್ ಕೊಡಲು ಶುರುವಾಗಿ, ನಮ್ಮ ಕಡೆಗೂ ಒಂದು ಡ್ರೈವಿಂಗ್ ಶಾಲೆ ಬಂದಾಗ ನಾನು ಸೇರಿದೆ. ಮೊದಲ ಸಲಕ್ಕೇ ಪಾಸಾದೆ. ಆ ಸಂಜೆ ಅವರು ಕೇಕ್ ತಂದರು. ಅದನ್ನು ಕತ್ತರಿಸುತ್ತಾ, "ಹೆಂಗಸರಿಗೆ ಕಂಬ ಸ್ವಲ್ಪ ದೂರ ಇಡ್ತಾರಂತೆ" ಎಂದರು. ಕೇಕ್ ಚೆನ್ನಾಗಿತ್ತಾದ್ದರಿಂದ ನಾನು ಸುಮ್ಮನಿದ್ದೆ.

ನಾನು ನರ್ಸ್. ಅವರದು ಖಮೀಸಿನ ಪೇಟೆಬೀದಿಯ ಒಂದು ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷಿಸುವ ಕೆಲಸ. ಇಬ್ಬರೂ ಉಡುಪಿ ಕಡೆಯವರು, ಮನೆಮಾತು ಕೊಂಕಣಿ. ಆದರೆ ವಾದ ಹತ್ತಿಕೊಂಡರೆ ಇಬ್ಬರೂ ಕನ್ನಡಕ್ಕೆ ಬಂದುಬಿಡುತ್ತೇವೆ. ಕೊಂಕಣಿಯಲ್ಲಿ ಆಡಿದ ಜಗಳ ಜಗಳವೇ ಆಗಿ ಉಳಿಯುತ್ತದೆ. ಕನ್ನಡದಲ್ಲಾದರೆ ಶಾಲೆಯ ಚರ್ಚಾಸ್ಪರ್ಧೆಯ ಹಾಗೆ ಇರುತ್ತದೆ, ಮುಗಿದ ಮೇಲೆ ಒಟ್ಟಿಗೆ ಊಟ ಮಾಡಬಹುದು. ಆ ಚಳಿಗಾಲದಲ್ಲಿ ನಮ್ಮ ಮನೆಯಲ್ಲಿ ಕೊಂಕಣಿ ಕೇಳಿಸಿದ್ದು ಬಹಳ ಕಡಿಮೆ.

ಆ ವರ್ಷ ನನ್ನನ್ನು ಪಕ್ಕದ ಅಭಾ ನಗರದ ಆಚೆ, ಗುಡ್ಡದ ಅಂಚಿನಲ್ಲಿರುವ ಒಂದು ಸಣ್ಣ ಆಸ್ಪತ್ರೆಗೆ ಹಾಕಿದ್ದರು. ಬೆಳಿಗ್ಗೆ ಏಳರಿಂದ ಸಂಜೆ ನಾಲ್ಕರವರೆಗೆ ಕೆಲಸ. ಚಳಿಗಾಲದಲ್ಲಿ ಮನೆ ಬಿಡುವಾಗ ಇನ್ನೂ ಕತ್ತಲು. ಅಭಾ ದಾಟುವವರೆಗೆ ದೊಡ್ಡ ರಸ್ತೆ, ಉದ್ದಕ್ಕೂ ದೀಪದ ಕಂಬಗಳು, ಏನೂ ತೊಂದರೆಯಿಲ್ಲ. ಕೊನೆಯ ಹತ್ತು ಕಿಲೋಮೀಟರ್ ಮಾತ್ರ ತಿರುವು ರಸ್ತೆ. ಅಲ್ಲಿ ನಮ್ಮ ಕಾರಿನ ದೀಪವೇ ಗತಿ. ನನ್ನ ಜೊತೆ ಅದೇ ಆಸ್ಪತ್ರೆಯ ಹಿರಿಯ ನರ್ಸ್ ಒಬ್ಬರು ಬರುತ್ತಿದ್ದರು, ಬಂಟ್ವಾಳ ಕಡೆಯವರು. ನಾವೆಲ್ಲ ಅವರನ್ನು ಅಕ್ಕ ಎನ್ನುತ್ತಿದ್ದೆವು. ಅಕ್ಕ ಯಾವಾಗಲೂ ಹಿಂದಿನ ಸೀಟಿನಲ್ಲಿ ಕೂತು, ಕೈಯನ್ನು ಬ್ಯಾಗಿನೊಳಗೆ ಇಳಿಬಿಟ್ಟು, ಬೆರಳಲ್ಲೇ ಜಪಮಣಿ ಎಣಿಸುತ್ತಿದ್ದರು. ತಿರುವು ರಸ್ತೆ ಶುರುವಾದರೆ ಬ್ಯಾಗು ಸ್ವಲ್ಪ ಜೋರಾಗಿ ಅಲುಗಾಡುವುದು ಕನ್ನಡಿಯಲ್ಲಿ ಕಾಣಿಸುತ್ತಿತ್ತು.

ಒಂದು ಬೆಳಿಗ್ಗೆ ಆ ರಸ್ತೆಯಲ್ಲಿ ಒಂದು ಹಂಪ್ ನನಗೆ ಕಾಣಿಸಲೇ ಇಲ್ಲ. ಕಾರು ಹಾರಿ ಇಳಿಯಿತು. ಹಿಂದಿನಿಂದ ಅಕ್ಕನ ಟಿಫಿನ್ ಡಬ್ಬಿ ಮುಂದಿನ ಸೀಟಿನ ಕೆಳಗೆ ಬಂತು.

"ಹಂಪ್ ಇತ್ತು" ಎಂದರು ಅಕ್ಕ.

"ಗೊತ್ತಾಯ್ತು ಅಕ್ಕ."

"ಮೊದಲೇ ಗೊತ್ತಾದ್ರೆ ಒಳ್ಳೇದಿತ್ತು."

ಸಂಜೆ ಮನೆಗೆ ಬಂದು ಗಂಡನಿಗೆ ಹೇಳಿದೆ. "ಕಾರಿನ ಲೈಟು ಸರಿ ಇಲ್ಲ. ಮುಂದೆ ಎಂತದೂ ಕಾಣುದಿಲ್ಲ. ಅದಕ್ಕೆ ಎಂತಾದ್ರೂ ಮಾಡಿ."

ಅವರು ಚಹಾದ ಲೋಟ ಕೆಳಗಿಟ್ಟು ನನ್ನನ್ನೇ ಸ್ವಲ್ಪ ಹೊತ್ತು ನೋಡಿದರು. ಏನೋ ಹೇಳಲು ಬಾಯಿ ತೆರೆದವರು ಮತ್ತೆ ಮುಚ್ಚಿ, "ಲೈಟಾ?" ಎಂದು ಕೇಳಿದರು.

"ಮತ್ತೆಂತ? ಹಳೇ ಕಾರು. ಲೈಟು ಮಂಕಾಗಿದೆ."

"ಆಯ್ತು, ನೋಡುವ" ಎಂದರು. ಆ ಮಾತಿನಲ್ಲಿ ಉತ್ಸಾಹವಿರಲಿಲ್ಲ. ಆದರೆ ಅವರ ಉತ್ಸಾಹ ಒಮ್ಮೆ ಹೊತ್ತಿಕೊಂಡರೆ ಆರಿಸುವುದು ಕಷ್ಟ ಎಂಬುದು ನನಗೆ ಗೊತ್ತಿತ್ತು. ಮರುದಿನವೇ ಹೊತ್ತಿಕೊಂಡಿತು.

ಮೊದಲು ಹೆಡ್‌ಲೈಟಿನ ಮೇಲಿನ ಪ್ಲಾಸ್ಟಿಕ್ ಗಾಜನ್ನು ಪರೀಕ್ಷಿಸಿದರು. ಬಿಸಿಲಿಗೆ ಹಳದಿಯಾಗಿತ್ತು. ಅಂಗಡಿಗೆ ಬಂದ ಮುದುಕರ ಕಣ್ಣನ್ನು ನೋಡುವ ಹಾಗೆಯೇ ಬಗ್ಗಿ, ಸಣ್ಣ ಟಾರ್ಚ್ ಹಿಡಿದು, ಎಡಗಡೆಯದು ಆಮೇಲೆ ಬಲಗಡೆಯದು ನೋಡಿ, "ಪೊರೆ ಬಂದಿದೆ" ಎಂದು ತೀರ್ಮಾನಿಸಿದರು. ಮೊದಲು ಟೂತ್‌ಪೇಸ್ಟ್ ಹಾಕಿ ಉಜ್ಜಿದರು. ಅದು ಸಾಲದೆಂದು ಅಂಗಡಿಯಿಂದ ಮಸೂರಕ್ಕೆ ಪಾಲಿಶ್ ಮಾಡುವ ಪುಡಿ ತಂದು, ಮೆತ್ತನೆಯ ಬಟ್ಟೆಯಲ್ಲಿ ಎರಡು ಸಂಜೆ ಉಜ್ಜಿದರು. ನಿಜಕ್ಕೂ ಗಾಜು ಹೊಸದರ ಹಾಗೆ ಹೊಳೆಯತೊಡಗಿತು. ನಮ್ಮ ಕಟ್ಟಡದ ಕಾವಲುಗಾರ ಬಂದು ನೋಡಿ ತಲೆದೂಗಿ, ತನ್ನ ಸೈಕಲ್ಲಿನ ದೀಪವನ್ನೂ ತಂದು ತೋರಿಸಿದ. ಅದನ್ನೂ ಉಜ್ಜಿಕೊಟ್ಟರು.

"ಈಗ ಹೇಗುಂಟು?" ಎಂದು ಮರುದಿನ ಬೆಳಿಗ್ಗೆ ಕೇಳಿದರು. ಕೇಳಿದ್ದು ಫೋನಿನಲ್ಲಲ್ಲ, ಕಾರಿನಲ್ಲೇ. ಅಂದಿನಿಂದ ಅವರು ನನ್ನ ಪಕ್ಕದ ಸೀಟಿನಲ್ಲಿ ಕೂತು ಬರತೊಡಗಿದ್ದರು. ಅಂಗಡಿ ತೆರೆಯುವುದು ಒಂಬತ್ತಕ್ಕೆ. ಎಂಟರವರೆಗೆ ಹೊದಿಕೆಯಿಂದ ತಲೆ ಹೊರಗೆ ಹಾಕದ ಮನುಷ್ಯ ಐದು ಗಂಟೆಗೆ ಎದ್ದು, ಸ್ವೆಟರ್ ಹಾಕಿಕೊಂಡು, ಥರ್ಮಾಸಿನಲ್ಲಿ ಚಹಾ ತುಂಬಿಸಿ ತಯಾರಾಗಿ ನಿಲ್ಲುತ್ತಿದ್ದರು. "ಲೈಟು ಟೆಸ್ಟ್ ಮಾಡ್ಲಿಕ್ಕುಂಟು" ಎನ್ನುತ್ತಿದ್ದರು. ಆಸ್ಪತ್ರೆ ತಲುಪಿದ ಮೇಲೆ, ರಾತ್ರಿ ಪಾಳಿ ಮುಗಿಸಿ ಖಮೀಸಿಗೆ ಮರಳುವ ಲ್ಯಾಬಿನವರ ಕಾರು ಹತ್ತಿ ವಾಪಸಾಗುತ್ತಿದ್ದರು.

"ಸ್ವಲ್ಪ ವಾಸಿ" ಎಂದೆ. "ಆದ್ರೂ ಸರಿ ಕಾಣುದಿಲ್ಲ."

"ಹಂಪ್ ಉಂಟು ಮುಂದೆ" ಎಂದರು ಅವರು.

"ಕಾಣ್ತದೆ" ಎಂದೆ. ಕಂಡಿರಲಿಲ್ಲ. ಬ್ರೇಕ್ ಹಾಕಿದೆ.

ಆಮೇಲಿನ ಒಂದು ವಾರ ಅವರು ಫೋನಿನಲ್ಲಿ ಹೆಡ್‌ಲೈಟ್ ವಿಡಿಯೋ ಬಿಟ್ಟು ಬೇರೇನನ್ನೂ ನೋಡಲಿಲ್ಲ. ಯಾವುದೋ ದೇಶದ ಯುವಕನೊಬ್ಬ ಗ್ಯಾರೇಜಿನಲ್ಲಿ ನಿಂತು, ಹಳೆಯ ಬಲ್ಬಿನ ಮುಂದೆ ಕತ್ತಲು, ಹೊಸ ಎಲ್‌ಇಡಿ ಬಲ್ಬಿನ ಮುಂದೆ ಹಾಡಹಗಲು ಎಂಬಂತೆ ತೋರಿಸುತ್ತಿದ್ದ. ಊಟಕ್ಕೆ ಕೂತರೆ ಅದೇ ವಿಷಯ. ಹಳೆಯ ಬಲ್ಬಿನೊಳಗೆ ತಂತಿ ಕಾದು ಬೆಳಕು ಬರುತ್ತದಂತೆ, ಹೊಸದರಲ್ಲಿ ತಂತಿಯೇ ಇಲ್ಲವಂತೆ, ಹಿಂದೆ ಪುಟ್ಟ ಫ್ಯಾನ್ ಇರುತ್ತದಂತೆ.

"ಬಲ್ಬಿಗೆ ಫ್ಯಾನ್ ಯಾಕೆ?" ಎಂದೆ.

"ಸೆಕೆ ಆಗ್ತದೆ ಅದಕ್ಕೆ."

"ಅಡುಗೆಮನೆಯಲ್ಲಿ ನಂಗೂ ಆಗ್ತದೆ. ಎರಡು ವರ್ಷದಿಂದ ಎಕ್ಸಾಸ್ಟ್ ಫ್ಯಾನ್ ಹಾಳಾಗಿದೆ."

ಆ ಮಾತು ಅವರಿಗೆ ಕೇಳಿಸಲಿಲ್ಲ. ಆರ್ಡರ್ ಮಾಡುತ್ತಿದ್ದರು.

ಬಲ್ಬ್ ಬಂದದ್ದು ಗುರುವಾರ. ಹಾಕಿದ್ದು ಶುಕ್ರವಾರ, ರಜೆಯ ದಿನ. ವಿಡಿಯೋದ ಯುವಕ ಏಳು ನಿಮಿಷದಲ್ಲಿ ಮುಗಿಸಿದ್ದ ಕೆಲಸ ಅದು. ನನ್ನ ಗಂಡ ಬೆಳಿಗ್ಗೆ ಒಂಬತ್ತಕ್ಕೆ ಬಾನೆಟ್ ಎತ್ತಿದರು. ಹತ್ತು ಗಂಟೆಗೆ ನಾನು ಮೇಲಿನ ಕಿಟಕಿಯಿಂದ ನೋಡಿದಾಗ ಅವರ ಬಲಗೈ ಬ್ಯಾಟರಿಗೂ ಹೆಡ್‌ಲೈಟಿಗೂ ನಡುವೆ ಇತ್ತು. ಹನ್ನೊಂದಕ್ಕೆ ನೋಡಿದಾಗಲೂ ಅಲ್ಲೇ ಇತ್ತು. ಕೈ ಸಿಕ್ಕಿಹಾಕಿಕೊಂಡಿದೆ ಎಂದು ಒಪ್ಪಿಕೊಳ್ಳಲು ಮನಸ್ಸಿಲ್ಲದೆ, ಆ ದಾರಿಯಲ್ಲಿ ಹೋಗುವವರಿಗೆಲ್ಲ ಎಡಗೈಯಿಂದ ಸಲಾಮ್ ಮಾಡುತ್ತಾ ನಿಂತಿದ್ದರು. ನಾನು ಅಡುಗೆ ಎಣ್ಣೆ ತೆಗೆದುಕೊಂಡು ಕೆಳಗೆ ಹೋದೆ. ಆಸ್ಪತ್ರೆಯಲ್ಲಿ ಉಂಗುರ ಸಿಕ್ಕಿಹಾಕಿಕೊಂಡ ಬೆರಳುಗಳನ್ನು ಬಿಡಿಸಿ ಅಭ್ಯಾಸವಿತ್ತು.

"ಆ ಕ್ಲಿಪ್ ಉಂಟಲ್ಲ, ಅದು ಒಳಗೆ ಬಿತ್ತು. ಅದನ್ನು ಹುಡುಕ್ತಾ ಇದ್ದೆ" ಎಂದರು.

"ಒಂದು ಗಂಟೆಯಿಂದ?"

"ಸಣ್ಣ ಕ್ಲಿಪ್ ಅದು."

ಕ್ಲಿಪ್ ಕೊನೆಗೆ ಅವರ ಶರ್ಟಿನ ಜೇಬಿನಲ್ಲಿ ಸಿಕ್ಕಿತು. ಮಧ್ಯಾಹ್ನದ ಹೊತ್ತಿಗೆ ಎರಡೂ ಬಲ್ಬ್ ಕೂತವು. ಕತ್ತಲಾಗುವುದನ್ನೇ ಕಾದು, ಸಂಜೆ ಕಟ್ಟಡದ ಹಿಂದಿನ ಗೋಡೆಯೆದುರು ಕಾರು ನಿಲ್ಲಿಸಿ ದೀಪ ಹಾಕಿದರು. ನೀಲಿ ಬೆರೆತ ಬಿಳಿ ಬೆಳಕು ಗೋಡೆಯ ತುಂಬ ಚೆಲ್ಲಿತು. ಎರಡನೇ ಮಹಡಿಯಲ್ಲಿ ಬಟ್ಟೆ ಒಣಹಾಕುತ್ತಿದ್ದ ಸಿರಿಯಾದ ಹೆಂಗಸು ಕೈಯಿಂದ ಮುಖ ಮುಚ್ಚಿಕೊಂಡಳು.

"ಆಪರೇಷನ್ ಥಿಯೇಟರ್ ಹಾಗೆ ಉಂಟು" ಎಂದೆ. ಅವರು ಅದನ್ನು ಹೊಗಳಿಕೆ ಎಂದುಕೊಂಡರು. ರೇಡಿಯೋ ಹಾಕಿ ನೋಡಿದಾಗ ಹಾಡಿನ ಬದಲು ಎಣ್ಣೆಯಲ್ಲಿ ಮೀನು ಹುರಿಯುವ ಸದ್ದು. ದೀಪ ಆರಿಸಿದರೆ ಹಾಡು, ಹಾಕಿದರೆ ಮೀನು. ಅದಕ್ಕೂ ಅವರಲ್ಲಿ ವಿವರಣೆಯಿತ್ತು, ನನಗೆ ಅರ್ಥವಾಗಲಿಲ್ಲ.

ಹೊಸ ದೀಪದಲ್ಲಿ ಹೊರಟ ಮೊದಲ ದಿನ ಎದುರಿನಿಂದ ಬಂದ ಕಾರುಗಳೆಲ್ಲ ನಮಗೆ ಲೈಟ್ ಮಿಟುಕಿಸಿದವು. ಅದು ಹೆಂಗಸು ಓಡಿಸುತ್ತಿದ್ದಾಳೆ ಎಂಬ ಕಾರಣಕ್ಕೆ ಎಂದು ನಾನು ತಿಳಿದೆ. ಲೈಸೆನ್ಸ್ ಸಿಕ್ಕ ಹೊಸತರಲ್ಲಿ ಹಾಗೆ ಆಗುತ್ತಿತ್ತು. ಕೆಲವರಂತೂ ಹೆಬ್ಬೆರಳು ಎತ್ತಿ ತೋರಿಸುತ್ತಿದ್ದರು. ಆದ್ದರಿಂದ ಮೊದಲ ನಾಲ್ಕೈದು ಕಾರುಗಳಿಗೆ ನಾನು ನಕ್ಕು ಕೈಬೀಸಿದೆ. ಮುಂದೆ ಒಂದು ಸಿಗ್ನಲ್ಲಿನಲ್ಲಿ ನಮ್ಮ ಮುಂದಿದ್ದ ಕಾರಿನಿಂದ ವಯಸ್ಸಾದ ಸೌದಿಯೊಬ್ಬರು ಇಳಿದು, ತಮ್ಮ ಉದ್ದ ನಿಲುವಂಗಿ ಥೋಬಿನ ಅಂಚು ಎತ್ತಿ ಹಿಡಿದು, ನಿಧಾನವಾಗಿ ನಮ್ಮ ಕಿಟಕಿಯ ಬಳಿ ಬಂದರು. "ತಂಗೀ, ನಿನ್ನ ದೀಪ ನನ್ನ ಕಾರಿನೊಳಗೆ ಬಂದು ಕೂತಿದೆ" ಎಂದು ಅರಬಿಯಲ್ಲಿ ಬಹಳ ಸೌಜನ್ಯದಿಂದ ಹೇಳಿದರು. ನಾನು ಹೈ ಬೀಮ್ ಹಾಕಿಲ್ಲವೆಂದು ತೋರಿಸಲು ಲಿವರ್ ಎಳೆದೆ. ಆಗ ನಿಜವಾದ ಹೈ ಬೀಮ್ ಬಿತ್ತು. ಅವರು ಕಣ್ಣು ಮುಚ್ಚಿಕೊಂಡು, ದೇವರ ಹೆಸರು ಹೇಳಿಕೊಂಡು ಹಿಂದಿರುಗಿದರು.

"ಬೆಳಕು ಜಾಸ್ತಿಯಾದ್ರೆ ಅಭ್ಯಾಸ ಆಗ್ಲಿಕ್ಕೆ ಸ್ವಲ್ಪ ಟೈಮ್ ಬೇಕು" ಎಂದರು ನನ್ನ ಗಂಡ.

"ಯಾರಿಗೆ?" ಎಂದರು ಹಿಂದಿನಿಂದ ಅಕ್ಕ.

ಇಷ್ಟಾದರೂ ನನಗೆ ಕಾಣುವುದೇನೂ ಹೆಚ್ಚಾಗಲಿಲ್ಲ. ಬೆಳಕು ಧಾರಾಳವಾಗಿತ್ತು, ಆದರೆ ಆ ಬೆಳಕಿನೊಳಗಿದ್ದ ವಸ್ತುಗಳು ಮಾತ್ರ ಮೊದಲಿನ ಹಾಗೆಯೇ ಮಬ್ಬಾಗಿ, ಅಂಚಿಲ್ಲದೆ ನಿಂತಿರುತ್ತಿದ್ದವು. ಇವರು ಪಕ್ಕದಲ್ಲಿ ಕೂತು ಓದಿ ಹೇಳುತ್ತಲೇ ಇರುತ್ತಿದ್ದರು. "ಬಲಕ್ಕೆ ತಿರುವು." "ಎದುರು ಕತ್ತೆ ಉಂಟು, ನಿಂತಿದೆ." "ಬೋರ್ಡಲ್ಲಿ ನಲವತ್ತು ಬರೆದಿದ್ದಾರೆ." ನನಗೆ ಸಿಟ್ಟು ಬರುತ್ತಿತ್ತು. ಲೈಸೆನ್ಸ್ ಇಲ್ಲದವರು ಲೈಸೆನ್ಸ್ ಇದ್ದವರಿಗೆ ಪಾಠ ಮಾಡುವುದನ್ನು ಎಷ್ಟೆಂದು ಸಹಿಸುವುದು? ಒಂದು ದಿನ ಹೇಳಿಯೂ ಬಿಟ್ಟೆ: "ನೀವು ಇಷ್ಟು ಹೇಳುದಾದ್ರೆ ಸ್ಟಿಯರಿಂಗ್ ನೀವೇ ಹಿಡೀರಿ." ಅವರು ಎರಡು ನಿಮಿಷ ಸುಮ್ಮನಿದ್ದು, "ಹಂಪ್" ಎಂದರು.

ಆಮೇಲೆ ಮಂಜು ಬಿದ್ದ ದಿನ ಬಂತು. ಅಭಾದ ಆಚೆ ಗುಡ್ಡದ ಅಂಚಿನಲ್ಲಿ ಚಳಿಗಾಲದ ಬೆಳಿಗ್ಗೆ ಮಂಜು ಸಾಮಾನ್ಯ. ಹಳೆಯ ಹಳದಿ ದೀಪದಲ್ಲಿ ಮೆಲ್ಲಗೆ ಹೋದರೆ ರಸ್ತೆಯ ಅಂಚಿನ ಬಿಳಿ ಗೆರೆಯಾದರೂ ಕಾಣುತ್ತಿತ್ತು. ಆ ದಿನ ಮಂಜಿನೊಳಗೆ ಹೊಕ್ಕಿದ್ದೇ ತಡ, ನಮ್ಮ ಹೊಸ ಬೆಳಕು ಮಂಜಿಗೆ ಬಡಿದು ತಿರುಗಿ ನಮ್ಮ ಕಣ್ಣಿಗೇ ಬಂತು. ಗಾಜಿನ ಮುಂದೆ ಯಾರೋ ಬಿಳಿ ಬೆಡ್‌ಶೀಟ್ ಹಿಡಿದು ನಿಂತ ಹಾಗೆ. ನಾನು ಕಾರು ನಿಲ್ಲಿಸುವಷ್ಟು ನಿಧಾನ ಮಾಡಿ, ತುರ್ತು ದೀಪ ಮಿನುಗಿಸಿದೆ. ಹಿಂದೆ ಬ್ಯಾಗಿನ ಅಲುಗಾಟ ನಿಂತಿತು. ಅಕ್ಕ ಜಪ ನಿಲ್ಲಿಸಿದ್ದನ್ನು ನಾನು ಅದೇ ಮೊದಲು ಕಂಡದ್ದು.

"ನಿಂಗೆ ಎಂತಾದ್ರೂ ಕಾಣ್ತದಾ?" ಎಂದು ಕೇಳಿದರು ಅಕ್ಕ.

"ಇಲ್ಲ."

"ನಿಮಗೆ?" ಎಂದು ನನ್ನ ಗಂಡನನ್ನು ಕೇಳಿದರು.

"ಇವತ್ತು ನಂಗೂ ಇಲ್ಲ" ಎಂದರು ಅವರು.

ಆ ‘ಇವತ್ತು’ ಎಂಬ ಪದವನ್ನು ಆಗ ನಾನು ಗಮನಿಸಲಿಲ್ಲ. ಸ್ವಲ್ಪ ಮುಂದೆ ಒಂದು ಪೆಟ್ರೋಲ್ ಪಂಪಿನ ತಿರುವು ಇದೆಯೆಂದು ಮೂವರಿಗೂ ಗೊತ್ತಿತ್ತು. ಇವರು ಕಾರಿನಿಂದ ಇಳಿದರು. ತಲೆಗೆ ಮಫ್ಲರ್ ಸುತ್ತಿ, ಫೋನಿನ ಟಾರ್ಚ್ ಹಿಡಿದು, ರಸ್ತೆಯ ಅಂಚಿನ ಮಣ್ಣಿನಲ್ಲಿ ಕಾರಿನ ಮುಂದೆ ನಡೆಯತೊಡಗಿದರು. ನಾನು ಅವರ ಬೆನ್ನು ನೋಡಿಕೊಂಡು, ಕಾಲನ್ನು ಬ್ರೇಕಿನ ಮೇಲಿಟ್ಟು ಹಿಂಬಾಲಿಸಿದೆ. ಇನ್ನೂರು ಹೆಜ್ಜೆ ಇದ್ದಿರಬಹುದು. ಕ್ರಿಸ್ಮಸ್ ನಾಟಕದಲ್ಲಿ ನಕ್ಷತ್ರ ಹಿಡಿದು ಮುಂದೆ ನಡೆಯುವ ದೇವದೂತನ ಹಾಗೆ ಕಾಣುತ್ತಿದ್ದಾರೆ ಎಂದು ಅಕ್ಕ ಹೇಳಿದರು. ದೇವದೂತ ಪಂಪಿನ ಕಟ್ಟೆಗೆ ಎಡವಿ, ಚಪ್ಪಲಿ ಕಳಚಿಕೊಂಡು, ನಮಗೆ ಕೈ ತೋರಿಸಿ ಒಳಗೆ ತಿರುಗಿಸಿದ. ಅಲ್ಲಿ ಕಾಗದದ ಲೋಟದಲ್ಲಿ ಚಹಾ ಕುಡಿಯುತ್ತಾ ಮಂಜು ಕರಗುವುದನ್ನು ಕಾದೆವು. ಆಸ್ಪತ್ರೆಗೆ ಮುಕ್ಕಾಲು ಗಂಟೆ ತಡವಾಯಿತು. ಯಾಕೆಂದು ಕೇಳಿದ ಮೇಲಿನವರಿಗೆ ಅಕ್ಕ, "ನಮ್ಮಲ್ಲಿ ಬೆಳಕು ಜಾಸ್ತಿಯಾಗಿತ್ತು" ಎಂದರು.

ಆ ತಿಂಗಳೇ ಕಾರನ್ನು ವರ್ಷಕ್ಕೊಮ್ಮೆ ಮಾಡಿಸಬೇಕಾದ ತಪಾಸಣೆಗೆ ಒಯ್ದೆವು. ಬ್ರೇಕ್ ಸರಿ, ಹೊಗೆ ಸರಿ, ಟಯರ್ ಸರಿ. ಹೆಡ್‌ಲೈಟಿನೆದುರು ಯಂತ್ರ ತಂದಿಟ್ಟು ನೋಡಿದ ತಪಾಸಣೆಯವನು ತಲೆ ಅಲ್ಲಾಡಿಸಿ, ತೋರುಬೆರಳಿನಿಂದ ಆಕಾಶ ತೋರಿಸಿದ. ನಮ್ಮ ಬಲಗಡೆಯ ದೀಪ ರಸ್ತೆ ಬಿಟ್ಟು ಅಲ್ಲಿಗೆ ಬೆಳಕು ಕಳುಹಿಸುತ್ತಿತ್ತು. ಕಾಗದದ ಮೇಲೆ ‘ಫೇಲ್’ ಎಂದು ಬಂತು.

"ಕಾರೂ ಫೇಲಾಯ್ತು. ಈಗ ನಿಮಗೆ ಜೊತೆ ಸಿಕ್ಕಿತು" ಎಂದೆ. ಅವರು ನಗಲಿಲ್ಲ.

ಗ್ಯಾರೇಜುಗಳೆಲ್ಲ ಇರುವ ಸನಾಇಯ್ಯಾಕ್ಕೆ ಹೋದೆವು. ಅಲ್ಲಿ ಕಾರಿನ ವಯರಿಂಗ್ ನೋಡುವ ಪಾಕಿಸ್ತಾನದ ಮುದುಕರೊಬ್ಬರು ಇದ್ದರು. ಗಡ್ಡಕ್ಕೆ ಮದರಂಗಿ, ಕಿವಿಯ ಮೇಲೆ ಸ್ಕ್ರೂಡ್ರೈವರ್. ಉರ್ದುವಿನಲ್ಲಿ ಮಾತಾಡುತ್ತಿದ್ದರು. ಬಾನೆಟ್ ಎತ್ತಿ ಬಗ್ಗಿ ನೋಡಿ, "ಇದನ್ನು ಹಾಕಿದ ಡಾಕ್ಟರ್ ಯಾರು?" ಎಂದು ಕೇಳಿದರು. ನಾನು ಡಾಕ್ಟರ್ ಸಾಹೇಬರನ್ನು ಬೆರಳು ಮಾಡಿ ತೋರಿಸಿದೆ. ಬಲಗಡೆಯ ಬಲ್ಬ್ ಅಡ್ಡಡ್ಡ ಕೂತಿದೆ ಎಂದರು ಮುದುಕರು. ಸರಿಯಾಗಿ ಕೂರಿಸಿದರೂ ಈ ಕಾರಿಗೆ ಇದು ಹೊಂದುವುದಿಲ್ಲ, ಇದರ ಒಳಗಿನ ಕನ್ನಡಿಯನ್ನು ಮಾಡಿದ್ದು ತಂತಿಯ ಬಲ್ಬಿಗೆ, ತಂತಿ ಎಲ್ಲಿರಬೇಕೋ ಅಲ್ಲಿ ಬೆಳಕು ಹುಟ್ಟದಿದ್ದರೆ ಕನ್ನಡಿಗೆ ದಿಕ್ಕು ತಪ್ಪುತ್ತದೆ ಎಂದು ಬಿಡಿಸಿ ಹೇಳಿದರು. ಇವರು ಶಾಲೆಯ ಹುಡುಗನ ಹಾಗೆ ಕೈಕಟ್ಟಿ ಕೇಳಿದರು. ಮಸೂರ, ಕನ್ನಡಿ, ಬೆಳಕಿನ ದಾರಿ ಎಲ್ಲ ಓದಿ ಪಾಸಾದ ಮನುಷ್ಯ.

ಮುದುಕರು ಐದೇ ನಿಮಿಷದಲ್ಲಿ ಎರಡೂ ಬಲ್ಬ್ ಕಿತ್ತು, ಸಾಮಾನ್ಯ ಹಳದಿ ಬೆಳಕಿನ ಹೊಸ ಬಲ್ಬ್ ಹಾಕಿದರು. ಕ್ಲಿಪ್ ಕೆಳಗೆ ಬೀಳಲಿಲ್ಲ. ಆಮೇಲೆ ಶೆಡ್ಡಿನ ಬಾಗಿಲು ಅರ್ಧ ಎಳೆದು ಒಳಗೆ ಕತ್ತಲು ಮಾಡಿ, ಕಾರನ್ನು ಗೋಡೆಯಿಂದ ದೂರದಲ್ಲಿ ನಿಲ್ಲಿಸಿ ದೀಪ ಹಾಕಿದರು. ಹೆಡ್‌ಲೈಟಿನ ಹಿಂದಿರುವ ಸ್ಕ್ರೂ ತಿರುಗಿಸುತ್ತಾ ಬೆಳಕನ್ನು ಇಳಿಸಿದರು. ನಾನು ಸ್ಟಿಯರಿಂಗ್ ಮುಂದೆ ಕೂತಿದ್ದೆ.

"ಬೆಹನ್ ಜೀ, ಗೋಡೆ ಮೇಲೆ ಬೆಳಕು ಮುಗಿಯುವಲ್ಲಿ ಒಂದು ಗೆರೆ ಇದೆ, ನೋಡಿ. ಕೆಳಗೆ ಬೆಳಕು, ಮೇಲೆ ಕತ್ತಲು. ಗೆರೆ ಸ್ಪಷ್ಟ ಇದೆಯಾ?" ಎಂದು ಉರ್ದುವಿನಲ್ಲಿ ಕೇಳಿದರು.

"ಇಲ್ಲ" ಎಂದೆ. "ಹರಡಿಕೊಂಡಿದೆ."

ಅವರು ಸ್ಕ್ರೂ ಸ್ವಲ್ಪ ತಿರುಗಿಸಿದರು. "ಈಗ?"

"ಈಗಲೂ ಹಾಗೆಯೇ. ಅಂಚು ಕಿತ್ತ ಬಟ್ಟೆಯ ಹಾಗಿದೆ."

ಮುದುಕರು ಎದ್ದು ಬಂದು ನನ್ನ ಕಿಟಕಿಯ ಪಕ್ಕ ನಿಂತು ಗೋಡೆ ನೋಡಿದರು. ನನ್ನನ್ನು ನೋಡಿದರು. ನನ್ನ ಗಂಡನ ಕಡೆ ತಿರುಗಿ, "ನಿಮಗೆ?" ಎಂದರು. ಇವರು ತಮ್ಮ ಬೂಟಿನ ಲೇಸನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದರು.

"ದೀಪ ಸರಿಯಾಗಿದೆ, ಬೆಹನ್ ಜೀ" ಎಂದು ಮೆತ್ತಗೆ ಹೇಳಿ, ಮುದುಕರು ಕೈ ಒರೆಸಿಕೊಳ್ಳಲು ಆಚೆ ಹೋದರು.

ನಾನು ಕಾರಿನಿಂದ ಇಳಿದು ಗೋಡೆಯ ಹತ್ತಿರ ನಡೆದೆ. ನಾಲ್ಕು ಹೆಜ್ಜೆ ದೂರಕ್ಕೆ ಬಂದಾಗ ಗೆರೆ ಕಾಣಿಸಿತು. ಸ್ಕೇಲ್ ಇಟ್ಟು ಎಳೆದ ಹಾಗೆ ನೇರ, ಬಲಕ್ಕೆ ಸ್ವಲ್ಪ ಮೇಲೇರಿದ ಗೆರೆ. ಹಿಂದಕ್ಕೆ ನಡೆದೆ. ಗೆರೆ ಹೋಯಿತು. ಮತ್ತೆ ಮುಂದೆ, ಮತ್ತೆ ಹಿಂದೆ. ಗ್ಯಾರೇಜಿನವರೆಲ್ಲ ನೋಡುತ್ತಿದ್ದರೇನೋ, ನನಗೆ ಅದರ ಪರಿವೆ ಇರಲಿಲ್ಲ.

ದಾರಿಯಲ್ಲಿ ಒಂದು ಕಡೆ ಕಾರು ಬದಿಗೆ ಹಾಕಿ ಕೇಳಿದೆ. "ನಿಮಗೆ ಯಾವಾಗ ಗೊತ್ತಾಯ್ತು?"

"ಎಂತದ್ದು?"

"ಮಾರಾಯ್ರೆ, ನನ್ನ ಹತ್ತಿರ ಆಟ ಆಡ್ಬೇಡಿ."

ಅವರು ಉಸಿರು ಬಿಟ್ಟರು. "ಮಳೆಗಾಲದ ರಜೆಯಿಂದ ಬಂದ ಮೇಲೆ. ನೀನು ಟೀವಿ ನೋಡುವಾಗ ಕಣ್ಣು ಸಣ್ಣ ಮಾಡ್ತಿದ್ದೆ. ಹಂಪಿನ ದಿನ ಖಾತ್ರಿ ಆಯ್ತು."

"ಹೇಳ್ಲಿಕ್ಕೆ ಎಂತ ಆಗಿತ್ತು? ಇಡೀ ಖಮೀಸಿಗೆ ಹೇಳ್ತೀರಿ."

"ಖಮೀಸಿನವರು ಎರಡು ದಿನ ಮಾತು ಬಿಡುದಿಲ್ಲ" ಎಂದರು.

ನನಗೆ ನೆನಪಾಯಿತು. ಅದಕ್ಕೆ ಎರಡು ವರ್ಷ ಮೊದಲು, ನನ್ನ ಜೊತೆ ಕೆಲಸ ಮಾಡುವವರನ್ನೆಲ್ಲ ಊಟಕ್ಕೆ ಕರೆದ ದಿನ, ಅಕ್ಕಿಯ ಚೀಲದ ಮೇಲಿನ ಅಕ್ಷರ ಓದಲು ನಾನು ತಡವರಿಸಿದ್ದನ್ನು ಕಂಡು ಇವರು ಎಲ್ಲರೆದುರು, "ನಲವತ್ತಕ್ಕೆ ಬಂತಲ್ಲ, ಇನ್ನು ನೀನೂ ನನ್ನ ಗಿರಾಕಿ" ಎಂದು ನಕ್ಕಿದ್ದರು. ನಾನು ಆಗ ನಕ್ಕಿದ್ದೆ. ಅತಿಥಿಗಳು ಹೋದ ಮೇಲೆ, "ನಿಮ್ಮ ಅಂಗಡಿಯನ್ನು ಮನೆಗೆ ತರ್ಬೇಡಿ" ಎಂದು ಶುದ್ಧ ಕೊಂಕಣಿಯಲ್ಲಿ ಹೇಳಿ, ಎರಡು ದಿನ ಮಾತಾಡಿರಲಿಲ್ಲ. ಅವರು ಅದನ್ನು ಅಷ್ಟು ಗಟ್ಟಿಯಾಗಿ ನೆನಪಿಟ್ಟುಕೊಂಡಿದ್ದರೆಂದು ನನಗೆ ಗೊತ್ತಿರಲಿಲ್ಲ.

"ಅದಕ್ಕೆ ಬಲ್ಬ್ ಹಾಕಿದ್ರಾ?"

"ಲೈಟು ಜಾಸ್ತಿ ಆದ್ರೆ ನಿಂಗೂ ಸ್ವಲ್ಪ ಹೆಚ್ಚು ಕಾಣ್ಬಹುದು ಅಂತ. ಮತ್ತೆ ನಾನು ಹೇಗೂ ಪಕ್ಕದಲ್ಲಿ ಇದ್ದೆನಲ್ಲ."

ಇಷ್ಟು ದಿನ ಬೆಳಿಗ್ಗೆ ಐದಕ್ಕೆ ಎದ್ದು, ಪಕ್ಕದಲ್ಲಿ ಕೂತು, ಕತ್ತೆಯನ್ನೂ ಬೋರ್ಡನ್ನೂ ಓದಿ ಹೇಳುತ್ತಿದ್ದದ್ದು ಏತಕ್ಕೆಂದು ಆಗ ತಿಳಿಯಿತು. ಮನಸ್ಸು ಕರಗಬೇಕಾಗಿತ್ತು. ಆದರೆ ನನ್ನ ಕಣ್ಣೆದುರಿಗೆ ಬಂದದ್ದು ಆ ತಿರುವು ರಸ್ತೆ. ಹಿಂದಿನ ಸೀಟಿನಲ್ಲಿ ಅಕ್ಕ ಇರುತ್ತಿದ್ದರು. ಆ ರಸ್ತೆಯಲ್ಲಿ ಬೆಳಿಗ್ಗೆ ಮಸೀದಿಯಿಂದ ನಡೆದು ಬರುವ ಮುದುಕರಿರುತ್ತಿದ್ದರು. ನಾನು ನರ್ಸ್. ಅಪಘಾತವಾಗಿ ಬಂದವರ ರಕ್ತ ಒರೆಸಿದವಳು. "ನೀವು ಹೇಳ್ಬೇಕಿತ್ತು. ನಾನು ಮಾತು ಬಿಟ್ರೂ ಹೇಳ್ಬೇಕಿತ್ತು" ಎಂದೆ. ಧ್ವನಿ ಗಟ್ಟಿಯಾಗಿತ್ತು.

"ಹೌದು" ಎಂದರು. "ತಪ್ಪಾಯ್ತು." ಆಮೇಲೆ, "ನೀನೂ ಲೈಟು ಸರಿ ಇಲ್ಲ ಅಂತ ಹೇಳ್ಬಾರದಿತ್ತು" ಎಂದರು. ಅದೂ ನಿಜವೇ. ಮಬ್ಬು ಕಾರಿನಲ್ಲಿಲ್ಲ ಎಂಬ ಅನುಮಾನ ನನಗೆ ಒಂದೆರಡು ಸಲ ಬಂದಿತ್ತು. ಲೈಸೆನ್ಸಿನ ಕಣ್ಣಿನ ಪರೀಕ್ಷೆಯಲ್ಲಿ ಪಾಸಾಗಿದ್ದೇನಲ್ಲ ಎಂದು ಅದನ್ನು ಓಡಿಸಿಬಿಟ್ಟಿದ್ದೆ. ಆ ಪರೀಕ್ಷೆಗೆ ಆಗಲೇ ಮೂರು ವರ್ಷವಾಗಿತ್ತು.

ಕಾರು ಮನೆಗೆ ಹೋಗಲಿಲ್ಲ. ನೇರ ಅಂಗಡಿಗೆ ಹೋಯಿತು, ಇನ್ನೂ ಹಗಲಿತ್ತು.

ಅಂಗಡಿಯಲ್ಲಿ ನನ್ನ ಗಂಡ ಬೇರೆಯೇ ಮನುಷ್ಯ. ಬಿಳಿ ಕೋಟು ಹಾಕಿದ ಕೂಡಲೇ ಬೆನ್ನು ನೇರವಾಯಿತು, ದನಿ ಇಳಿಯಿತು. "ಕೂತ್ಕೊಳ್ಳಿ" ಎಂದರು. ಹತ್ತೊಂಬತ್ತು ವರ್ಷದ ಸಂಸಾರದಲ್ಲಿ ನನಗೆ ಬಹುವಚನ ಸಿಕ್ಕಿದ್ದು ಅದೇ ಮೊದಲು. ಒಂದು ಕಣ್ಣು ಮುಚ್ಚಿಸಿ, ಗೋಡೆಯ ಅಕ್ಷರದ ಪಟ್ಟಿ ಓದಲು ಹೇಳಿದರು. ನಾನು ಮೇಲಿನಿಂದ ಕೆಳಗಿನವರೆಗೆ ಒಂದೂ ತಪ್ಪಿಲ್ಲದೆ ಓದಿದೆ.

ಅವರು ಪೆನ್ನು ಕೆಳಗಿಟ್ಟರು. "ಕೆಳಗಿನ ಸಾಲು ಕಾಣ್ತದಾ ನಿಮಗೆ?"

"ಇಲ್ಲ."

"ಮತ್ತೆ?"

"ನಿಮ್ಮ ಕೆಲಸ ಮುಗಿಯುವುದನ್ನು ಕಾದು ಇಲ್ಲಿ ಎಷ್ಟು ಸಂಜೆ ಕೂತಿಲ್ಲ ನಾನು? ಬಾಯಿಪಾಠ ಆಗಿದೆ."

ಅವರು ಎದ್ದು, ಪಟ್ಟಿ ತೆಗೆದು, ಅಕ್ಷರ ಬಾರದವರಿಗೆಂದು ಇಟ್ಟ ಇನ್ನೊಂದನ್ನು ತೂಗುಹಾಕಿದರು. ಅದರಲ್ಲಿ ನಾಲ್ಕು ದಿಕ್ಕಿಗೂ ತಿರುಗಿದ ಬಾಚಣಿಗೆಯಂಥ ಗುರುತುಗಳು. ಹಲ್ಲು ಯಾವ ಕಡೆಗಿದೆಯೆಂದು ಕೈಯಲ್ಲಿ ತೋರಿಸಬೇಕು. ಮೂರನೇ ಸಾಲಿಗೆ ನನ್ನ ಕೈ ಅತ್ತಿತ್ತ ತಿರುಗತೊಡಗಿತು. ಐದನೇ ಸಾಲಿಗೆ ಟ್ರಾಫಿಕ್ ಪೊಲೀಸನಂತೆ ಆಯಿತು. ಅವರು ನಗಲಿಲ್ಲ, ಅದಕ್ಕೆ ನಾನು ಇವತ್ತಿಗೂ ಋಣಿ. ಭಾರದ ಪರೀಕ್ಷಾ ಚೌಕಟ್ಟನ್ನು ನನ್ನ ಮೂಗಿನ ಮೇಲಿಟ್ಟು, ಒಂದೊಂದೇ ಗಾಜು ಸೇರಿಸುತ್ತಾ ಹೋದರು. "ಇದು ಚೆನ್ನಾ, ಇದು ಚೆನ್ನಾ?" ಎಷ್ಟನೆಯದರಲ್ಲೋ ಬಾಚಣಿಗೆಗಳಿಗೆ ಹಲ್ಲು ಬಂದವು. ದೂರದ್ದು ಕಾಣದ ದೋಷ ಎರಡೂ ಕಣ್ಣಿಗೆ, ಜೊತೆಗೆ ಬಲಗಣ್ಣಿಗೆ ಗೆರೆಗಳು ಹರಡಿದ ಹಾಗೆ ಕಾಣುವ ದೋಷ.

ಫ್ರೇಮ್ ಆರಿಸುವಾಗ ಮತ್ತೆ ಗಂಡ ಆದರು. ಅವರು ಎತ್ತಿಕೊಟ್ಟಿದ್ದನ್ನೆಲ್ಲ ಹಾಕಿದರೆ ನಾನು ಕಾನ್ವೆಂಟಿನ ಹೆಡ್ ಮಿಸ್ಟ್ರೆಸ್ ಆಗುತ್ತಿದ್ದೆ. ಕೊನೆಗೆ ನಾನೇ ಒಂದು ಕಂದು ಬಣ್ಣದ್ದು ಆರಿಸಿದೆ. ಅದು ಈ ವರ್ಷ ಯಾರೂ ಕೊಳ್ಳದ ಮಾದರಿ ಎಂದರು. ಅದೇ ಬೇಕೆಂದೆ.

ಕಾರನ್ನು ಅಂಗಡಿಯೆದುರೇ ಬಿಟ್ಟೆವು. ಕನ್ನಡಕ ಸಿಗುವವರೆಗೆ ನಾನು ಸ್ಟಿಯರಿಂಗ್ ಮುಟ್ಟಲಿಲ್ಲ. ಅಕ್ಕನಿಗೆ ಕಾರಣ ಹೇಳಬೇಕಾಯಿತು. ಅವರು ಪೂರ್ತಿ ಕೇಳಿ, "ನಂಗೆ ಈಗ ಹೆದರಿಕೆ ಆಗ್ತಾ ಉಂಟು. ಆಗಿದ್ದಕ್ಕೆ" ಎಂದರು. ನಾನು ಕ್ಷಮೆ ಕೇಳಿದೆ. ಎರಡು ದಿನ ಇಬ್ಬರೂ ಹಗಲು ಪಾಳಿಯ ಲ್ಯಾಬಿನವರ ಕಾರಿನಲ್ಲಿ ಹೋದೆವು.

ಕನ್ನಡಕ ಹಾಕಿ ಓಡಿಸಿದ ಮೊದಲ ಬೆಳಿಗ್ಗೆ ಮಂಜು ಇರಲಿಲ್ಲ. ಹಳದಿ ದೀಪ, ಹಳೆಯ ಕಾರು, ಅದೇ ತಿರುವು ರಸ್ತೆ. ಆದರೆ ರಸ್ತೆಯ ಗೆರೆಗೆ ಅಂಚಿತ್ತು. ಬೋರ್ಡಿನ ಮೇಲೆ ಊರಿನ ಹೆಸರಿತ್ತು, ಕೆಳಗೆ ಚಿಕ್ಕದಾಗಿ ಇಂಗ್ಲಿಷಿನಲ್ಲೂ ಇತ್ತು. ಮುಳ್ಳುಜಾಲಿ ಮರಗಳಿಗೆ ಎಲೆಗಳಿದ್ದವು. ಗುಡ್ಡದ ಅಂಚಿನ ತಡೆಗೋಡೆಯ ಉದ್ದಕ್ಕೂ ಸಾಲಾಗಿ ನಿಲ್ಲಿಸಿದ್ದ ಸಿಮೆಂಟಿನ ಗೂಟಗಳ ಪೈಕಿ ಒಂದು, ನಾವು ಹತ್ತಿರ ಬಂದಾಗ ತಲೆ ಕೆರೆದುಕೊಂಡಿತು.

"ಅದು ಕೋತಿಯಾ?" ಎಂದೆ.

"ಎಲ್ಲವೂ ಕೋತಿಯೇ" ಎಂದರು ಅಕ್ಕ. "ದಿನಾ ಇಲ್ಲೇ ಕೂತಿರ್ತಾವೆ. ನೀನು ಎಂತ ಅಂದ್ಕೊಂಡಿದ್ದೆ?"

ಇವರು ಕಿಟಕಿಯ ಕಡೆ ಮುಖ ತಿರುಗಿಸಿ, ಭುಜ ಅಲುಗಿಸದೆ ನಗುತ್ತಿದ್ದರು. ಆ ದಿನವೂ ಬಂದಿದ್ದರು, ಕೊನೆಯ ಸಲ ಎಂದು ಹೇಳಿಕೊಂಡು. ದಾರಿಯುದ್ದಕ್ಕೂ ಒಂದೇ ಒಂದು ಬೋರ್ಡನ್ನೂ ಓದಿ ಹೇಳಲಿಲ್ಲ. ಒಂದು ಹಂಪಿಗೆ ಮಾತ್ರ ಅವರ ಬಲಗಾಲು ತಾನಾಗಿ ಮುಂದಕ್ಕೆ ಒತ್ತಿತು. ಅಷ್ಟರಲ್ಲಿ ನಾನು ನಿಧಾನ ಮಾಡಿಯಾಗಿತ್ತು.

ಮುಂದಿನ ವಾರ ತಪಾಸಣೆಯಲ್ಲಿ ಕಾರು ಪಾಸಾಯಿತು. ಸ್ಟಿಕ್ಕರ್ ಅಂಟಿಸಿಕೊಂಡು ಬರುವಾಗ ದಾರಿಯಲ್ಲಿ ಯೆಮೆನ್ ದೇಶದವರ ಹೋಟೆಲಿಗೆ ಹೋಗಿ, ನೆಲದ ಮೇಲೆ ಕೂತು, ದೊಡ್ಡ ತಟ್ಟೆಯಲ್ಲಿ ಅನ್ನ ಮತ್ತು ಕುರಿಮಾಂಸ ಉಂಡೆವು. ಅನ್ನದ ಹಬೆಗೆ ನನ್ನ ಕನ್ನಡಕ ಮಸುಕಾಯಿತು. ತೆಗೆದು ಇಟ್ಟೆ. ಅವರು ಅದನ್ನು ಎತ್ತಿಕೊಂಡು, ತಮ್ಮ ಶರ್ಟಿನ ಅಂಚಿನಿಂದ ಒರೆಸತೊಡಗಿದರು. ಹಾಗೆ ಮಾಡುವ ಗಿರಾಕಿಗಳಿಗೆ ಅವರು ಅಂಗಡಿಯಲ್ಲಿ ಅರ್ಧ ಗಂಟೆ ಬುದ್ಧಿ ಹೇಳುತ್ತಾರೆ. ಬಟ್ಟೆಯ ಧೂಳಿನಿಂದ ಗಾಜಿಗೆ ಗೀರು ಬೀಳುತ್ತದಂತೆ.

"ಶರ್ಟಲ್ಲಿ ಒರೆಸ್ಬಾರದು ಅಂತ ಯಾರೋ ಹೇಳ್ತಿದ್ರು" ಎಂದೆ.

"ಬಾಯಿ ಮುಚ್ಚಿ ಊಟ ಮಾಡು" ಎಂದು ಕೊಂಕಣಿಯಲ್ಲಿ ಹೇಳಿ, ಕನ್ನಡಕವನ್ನು ಬೆಳಕಿಗೆ ಹಿಡಿದು ನೋಡಿ, ಮತ್ತೊಮ್ಮೆ ಒರೆಸಿದರು.